ಕೈ ಕೊಟ್ಟ ಟೈರು

ನಾನು ಒಂದು ಟೈರು. ಲಾರಿಯದಲ್ಲ, ಬಸ್ಸಿನದಲ್ಲ, ನಾಲ್ಕು ಜನ ಮೊಣಕಾಲು ಮಡಚಿ ಕೂರುವ ಒಂದು ಸಣ್ಣ ಕಾರಿನದು. ಹುಟ್ಟಿದ್ದು ಬಿಸಿಯಲ್ಲಿ. ಮರದ ಹಾಲನ್ನು ರಬ್ಬರು ಮಾಡಿ, ರಬ್ಬರಿಗೆ ಮಸಿ ಕಲಸಿ, ಹೊಟ್ಟೆಯೊಳಗೆ ಉಕ್ಕಿನ ತಂತಿ ಸುತ್ತಿ, ಕೊನೆಗೆ ಒಂದು ಕಬ್ಬಿಣದ ಅಚ್ಚಿನಲ್ಲಿ ಕೂರಿಸಿ ಬಾಯಿ ಮುಚ್ಚಿ ಬೇಯಿಸಿದರು. ಇಡ್ಲಿ ಬೇಯುವ ಹಾಗೆ ಬೆಂದೆ. ಹೊರಗೆ ಬಂದಾಗ ಮೈಮೇಲೆಲ್ಲ ಎಳೆಗೂಸಿಗಿರುವಂಥ ಸಣ್ಣ ಸಣ್ಣ ರಬ್ಬರಿನ ಕೂದಲು. ಬಿಸಿಲ ನಾಡಿಗೆಂದೇ ಮಾಡಿದ ಟೈರು ನಾನು. ಡಾಂಬರು ಕರಗಿದರೂ ಕರಗದ ಗಟ್ಟಿ ಮೈ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನನಗೆ ಕೆಟ್ಟ ಹೆಸರು ಬಂದದ್ದು ಇದರಿಂದಲೇ.

ಇನ್ನೊಂದು ಮಾತನ್ನೂ ಮುಚ್ಚಿಡುವುದಿಲ್ಲ. ನಾನು ಹುಟ್ಟಾ ಪುಕ್ಕಲು. ಮೊದಲ ಸಲ ಗಾಳಿ ತುಂಬಿದಾಗ ಎದೆ ಒಡೆದೇ ಹೋಯಿತು ಅಂದುಕೊಂಡಿದ್ದೆ. ಮೊಳೆ ಕಂಡರೆ ಭಯ, ಗಾಜು ಕಂಡರೆ ಭಯ. ಆದರೆ ಟೈರಿಗೆ ಬಾಯಿಲ್ಲ. ಹೆದರಿಕೊಂಡೇ ಉರುಳಬೇಕು.

ಮೊದಲ ಯಜಮಾನ ವಿಜಯಪುರದ ಒಬ್ಬ ಬಟ್ಟೆ ವ್ಯಾಪಾರಿ. ಹಳೆಯ ಕಾರಿಗೆ ನಮ್ಮ ನಾಲ್ವರನ್ನು ಹೊಸದಾಗಿ ಹಾಕಿಸಿದ. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಎಂದು ಕೆಲವು ದಿನ ಓಡಿಸಿದ. ಮಗ ದೊಡ್ಡ ಕಾರು ತಂದದ್ದೇ ತಡ, ನಮ್ಮನ್ನು ಸಿದ್ರಾಮಪ್ಪನಿಗೆ ದಾಟಿಸಿಬಿಟ್ಟ. ಆ ವ್ಯಾಪಾರಿಯದೆಂದು ನನಗೆ ನೆನಪಿರುವುದು ಕಿರ್ ಕಿರ್ ಎನ್ನುವ ಚಪ್ಪಲಿ ಮಾತ್ರ. ಕೆಳಗಿನಿಂದ ನೋಡುವವರಿಗೆ ಮನುಷ್ಯರ ಮುಖ ಕಾಣುವುದೇ ಕಡಿಮೆ.

ಸಿದ್ರಾಮಪ್ಪ ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ. ಇಡೀ ನೌಕರಿಯಲ್ಲಿ ಒಂದು ಕೋಳಿಯ ಮೇಲೂ ಗಾಲಿ ಹಾಯಿಸಿರಲಿಲ್ಲವಂತೆ. ಇದನ್ನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ. ಹೆಂಡತಿ ತೀರಿಕೊಂಡಿದ್ದಳು, ಇದ್ದವಳು ಒಬ್ಬಳೇ ಮಗಳು, ದಾನಮ್ಮ. ಕೇಂದ್ರ ಸರ್ಕಾರದ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರು. ಅವಳಿಗೂ ಕಾರು ಓಡಿಸಲು ಬರುತ್ತಿತ್ತು, ಲೈಸೆನ್ಸೂ ಇತ್ತು. ಆದರೆ ಅಪ್ಪ ಇರುವಾಗ ಸ್ಟಿಯರಿಂಗು ಅವಳ ಕೈಗೆ ಬರುವುದು ಕನಸಿನ ಮಾತು.

ಮಳೆಗಾಲದಲ್ಲಿ ಡೋಣಿ ಹೊಳೆಯ ದಂಡೆಯ ಕಪ್ಪು ಎರೆ ಮಣ್ಣಿನಲ್ಲಿ ಅವನು ನಮ್ಮನ್ನು ಓಡಿಸಿದ ಬಗೆ ನೋಡಬೇಕಿತ್ತು. ಮೈಮೇಲಿನ ಉಬ್ಬು ಬಟನ್ನುಗಳ ಸಂದಿಯಲ್ಲೆಲ್ಲ ಮಣ್ಣು ಮೆತ್ತಿಕೊಂಡು ನಾನು ನುಣ್ಣಗೆ ಕಡಬಿನಂತಾಗುತ್ತಿದ್ದೆ. ಆಚೀಚೆ ಟ್ರ್ಯಾಕ್ಟರುಗಳೇ ಹೂತು ನಿಂತಿದ್ದರೂ ನಮ್ಮ ಕಾರು ಹೊಯ್ದಾಡುತ್ತ ದಾಟಿಬಿಡುತ್ತಿತ್ತು.

“ಎರಿಯಾಗ ಕಾಲ ಎತ್ತಬಾರದವ್ವಾ,” ಎನ್ನುತ್ತಿದ್ದ ಮಗಳಿಗೆ. “ಒತ್ತಿಕೋತ ಹೋಗಬೇಕು. ನಿಂತಿ ಅಂದ್ರ ಮುಗೀತು.”

ನಿಜ ಹೇಳುತ್ತೇನೆ, ಆಗ ನನಗೂ ಅವನ ಮೇಲೆ ಅಭಿಮಾನವಿತ್ತು.

ಆ ವರ್ಷವೇ ದಾನಮ್ಮನಿಗೆ ವರ್ಗವಾಯಿತು. ಹಿಮಾಚಲದಲ್ಲಿ, ದೊಡ್ಡ ಸುರಂಗದಾಚೆ, ಚಂದ್ರಾ ನದಿಯ ಮೇಲಿನ ಒಂದು ಊರು. ಒಬ್ಬಳನ್ನೇ ಕಳಿಸಲು ಸಿದ್ರಾಮಪ್ಪನಿಗೆ ಮನಸ್ಸಾಗಲಿಲ್ಲ. ರೊಟ್ಟಿ ಹಂಚು, ಶೇಂಗಾ ಚಟ್ನಿ, ಎರಡು ಕಂಬಳಿ ಕಟ್ಟಿಕೊಂಡು, ಅರ್ಧ ದೇಶವನ್ನು ತಾನೇ ಓಡಿಸಿಕೊಂಡು ಬಂದ.

ಚಳಿ ಶುರುವಾದಾಗ ಮೊದಲು ಗೊತ್ತಾದದ್ದು ನನಗೆ. ಬೆಳಿಗ್ಗೆ ಏಳುವಷ್ಟರಲ್ಲಿ ಮೈ ಮರಗಟ್ಟಿರುತ್ತಿತ್ತು. ಟೈರು ರಸ್ತೆಯನ್ನು ಹಿಡಿಯಬೇಕಾದರೆ ಸ್ವಲ್ಪ ಮೆತ್ತಗಿರಬೇಕು, ಉಬ್ಬು ತಗ್ಗಿಗೆ ಬಾಗಿ ಅಂಟಿಕೊಳ್ಳಬೇಕು. ನನಗೆ ಬಾಗಲು ಆಗುತ್ತಿರಲಿಲ್ಲ. ಅಂಗಳದಿಂದ ರಸ್ತೆಗೆ ಇಳಿಯುವಾಗಲೇ ಕಾಲು ಜಾರಿದಂತೆ ಆಗುತ್ತಿತ್ತು, ಜೀವ ಬಾಯಿಗೆ ಬರುತ್ತಿತ್ತು. ಮೇಲೆ ಕುಳಿತವರಿಗೆ ಏನೂ ತಿಳಿಯುತ್ತಿರಲಿಲ್ಲ.

ಶಾಲೆಯ ಕೆಳಗಿನ ತಿರುವಿನಲ್ಲಿ ನಮ್ಗ್ಯಾಲ್ ಎಂಬವನ ಪಂಕ್ಚರ್ ಅಂಗಡಿ. ಟ್ಯಾಕ್ಸಿಯನ್ನೂ ಓಡಿಸುತ್ತಿದ್ದ. ಒಂದು ದಿನ ಅವನು ಕುಕ್ಕುರುಗಾಲಲ್ಲಿ ಕುಳಿತು ಹೆಬ್ಬೆರಳಿನಿಂದ ನನ್ನನ್ನು ಒತ್ತಿ ನೋಡಿದ.

“ಇವು ಬಯಲುಸೀಮೆ ಟೈರು, ಚಾಚಾ,” ಎಂದ ಹಿಂದಿಯಲ್ಲಿ. “ಹಿಮ ಬಿದ್ದಮೇಲೆ ಇವನ್ನು ನಂಬಬೇಡಿ. ಚಳಿಗಾಲದ ಟೈರು ಹಾಕಿಸಿ. ಇಲ್ಲ, ಗಾಡಿಯನ್ನು ಮನೆಯಲ್ಲೇ ಬಿಡಿ.”

“ಖರೇನ ಅಪ್ಪಾ,” ಎಂದಳು ದಾನಮ್ಮ. “ಥಂಡಿಗೆ ರಬ್ಬರ್ ಬಿರುಸ ಆಗ್ತದ. ಆ ಟೈರಿನ ರಬ್ಬರs ಬ್ಯಾರೆ ಇರ್ತದ, ಥಂಡ್ಯಾಗೂ ಮೆತ್ತಗಿರ್ತದ.”

“ಬಟನ್ ನೋಡು, ಇನ್ನೂ ಹೊಸಾವು ಅದಾವ,” ಎಂದು ಸಿದ್ರಾಮಪ್ಪ ನನಗೊಂದು ಒದೆ ಕೊಟ್ಟ. “ಟೈರ್ ಅಂದ್ರ ಟೈರ್. ಥಂಡಿಗೊಂದು ಬಿಸಲಿಗೊಂದು ಹಾಕ್ಲಿಕ್ಕೆ ಅದೇನ ಸ್ವೆಟರ್ ಏನು? ಎರಿಯಾಗ ಬಸ್ ಹೊಡದಾಂವಗ ಇದ್ಯಾವ ಲೆಕ್ಕ?”

ದಾನಮ್ಮ ಬ್ಯಾಗು ಹೆಗಲಿಗೆ ಹಾಕಿಕೊಂಡಳು. ಅವಳು ಇನ್ನೊಂದು ಮಾತು ಆಡಲಿ ಎಂದು ಬೇಡಿಕೊಂಡೆ. ಆಡಲಿಲ್ಲ.

ಡಿಸೆಂಬರಿನ ಒಂದು ಬೆಳಿಗ್ಗೆ ಅವಳು ಕೆಳಗಿನ ಊರಿನ ಶಾಲೆಗೆ ಪ್ರಾಯೋಗಿಕ ಪರೀಕ್ಷೆಯ ಡ್ಯೂಟಿಗೆ ಹೋಗಬೇಕಿತ್ತು. ಹಿಮ ಬಿದ್ದು ಬಸ್ಸು ಬರಲಿಲ್ಲ. ಫೋನು ಮಾಡಿ ಬರಲಾಗುವುದಿಲ್ಲ ಎಂದು ಹೇಳುತ್ತೇನೆ ಎಂದಳು. “ನಾ ಇಲ್ಲೇನು?” ಎಂದು ಸಿದ್ರಾಮಪ್ಪ ಕೀಲಿ ತೆಗೆದುಕೊಂಡೇಬಿಟ್ಟ. ಭಾರವಿದ್ದರೆ ಹಿಡಿತ ಸಿಗುತ್ತದೆ ಎಂದು ಡಿಕ್ಕಿಗೆ ಎರಡು ಮೂಟೆ ಆಲೂಗಡ್ಡೆ ಎತ್ತಿ ಹಾಕಿದ. ಅದು ಬಸ್ಸಿನ ಬುದ್ಧಿ. ಬಸ್ಸನ್ನು ತಳ್ಳುವುದು ಹಿಂದಿನ ಗಾಲಿಗಳು. ಈ ಕಾರನ್ನು ಎಳೆಯುವವರು ಮುಂದಿನ ನಾವಿಬ್ಬರು. ಹಿಂದೆ ಮೂಟೆ ಬಿದ್ದದ್ದೇ ನನ್ನ ಮೇಲಿನ ಭಾರ ಹಗುರಾಯಿತು. ನೆಲ ನನ್ನಿಂದ ದೂರ ಹೋದಂತೆ ಅನ್ನಿಸಿತು. ಆ ಕ್ಷಣದಿಂದ ನಡುಗುತ್ತಲೇ ಇದ್ದೆ.

ಮೊದಲ ಏರಿನಲ್ಲೇ ನಿಂತಲ್ಲಿ ಸುತ್ತತೊಡಗಿದೆ. ಸಿದ್ರಾಮಪ್ಪ ಒತ್ತಿದ, ಇನ್ನೂ ಒತ್ತಿದ. ಎರೆಯಲ್ಲಾದರೆ ಸುತ್ತಿ ಸುತ್ತಿ ಗಟ್ಟಿ ನೆಲ ಮುಟ್ಟುತ್ತಿದ್ದೆ. ಇಲ್ಲಿ ಸುತ್ತಿದಷ್ಟೂ ನನ್ನದೇ ಬಿಸಿಗೆ ಹಿಮ ಕರಗಿ ಕೆಳಗೆ ನುಣುಪು ಗಾಜಾಯಿತು. ಹೇಗೋ ಒದ್ದಾಡಿ ಏರು ದಾಟಿದೆವು. “ನೋಡಿದೇನು?” ಎಂದ ಮಗಳಿಗೆ. ಎಡಗಡೆ, ನನ್ನ ನೇರ ಮೇಲೆ ಅವಳ ಸೀಟು; ಎರಡೂ ಕಾಲುಗಳಿಂದ ನೆಲವನ್ನು ಒತ್ತಿ ಹಿಡಿದಿದ್ದಳು, ಅಲ್ಲೂ ಒಂದು ಬ್ರೇಕು ಇದೆಯೇನೋ ಎಂಬಂತೆ.

ಆಮೇಲೆ ಇಳಿಜಾರು. ಬಲಕ್ಕೆ ಬೆಟ್ಟ, ಎಡಕ್ಕೆ ಕಂದರ, ತಳದಲ್ಲಿ ನದಿ. ಬೆಟ್ಟದ ನೆರಳು ಬಿದ್ದು ರಸ್ತೆ ನೀಲಿಯಾಗಿತ್ತು. ತಿರುವು ಬಂತು. ಸಿದ್ರಾಮಪ್ಪ ಬ್ರೇಕು ಮುಟ್ಟಿದ. ಕಾರು ನಿಲ್ಲಲಿಲ್ಲ. ಆಗ ಗಾಬರಿಯಾಗಿ ಪೂರಾ ಒತ್ತಿಬಿಟ್ಟ.

ನಾನು ಕಟ್ಟಿಹಾಕಿದಂತೆ ನಿಂತುಬಿಟ್ಟೆ. ಕಾರು ಮಾತ್ರ ಹೋಗುತ್ತಲೇ ಇತ್ತು. ಟೈರಿನ ಜನ್ಮದಲ್ಲಿ ಅದಕ್ಕಿಂತ ದೊಡ್ಡ ಭಯ ಇನ್ನೊಂದಿಲ್ಲ: ತಾನು ನಿಂತಿದ್ದರೂ ತನ್ನ ಮೇಲಿರುವವರು ಸಾವಿನ ಕಡೆ ಹೋಗುತ್ತಿರುವುದು. ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಿದ, ನಾನು ಬಲಕ್ಕೆ ತಿರುಗಿದೆ, ಕಾರು ತಿರುಗಲಿಲ್ಲ. ಸದ್ದಿಲ್ಲ. ಒಣ ರಸ್ತೆಯಲ್ಲಿ ಕಿರುಚಿ ನಿಲ್ಲುವುದು ನನ್ನ ಅಭ್ಯಾಸ. ಅಲ್ಲಿ ಕಿರುಚಲೂ ಹಿಡಿತ ಸಿಗಲಿಲ್ಲ. ಮೆಲ್ಲಗೆ, ಬಹಳ ಮೆಲ್ಲಗೆ ಅಂಚಿನ ಕಡೆ ಸರಿದೆವು. ಬಿಡು ಬಿಡು, ಬ್ರೇಕು ಬಿಡು, ಒಂದೇ ಒಂದು ಸುತ್ತು ಉರುಳಲು ಬಿಡು ಎಂದು ಒಳಗೊಳಗೇ ಕೂಗಿದೆ. ಅವನ ಕಾಲು ಮೇಲೇಳಲಿಲ್ಲ.

“ಅಪ್ಪಾ,” ಎಂದಳು ದಾನಮ್ಮ. ಅಷ್ಟೇ.

ಅಂಚಿನ ಕಲ್ಲು ನನ್ನ ಪಕ್ಕೆಗೆ ಹೊಡೆಯಿತು. ಪಕ್ಕೆ ಸೀಳಿತು, ಉಸಿರು ಬುಸ್ಸೆಂದು ಹೋಯಿತು. ಕಾರು ನಿಂತಿತು. ನನ್ನ ಅರ್ಧ ಮೈ ಕಲ್ಲಿಗೆ ಒರಗಿತ್ತು, ಇನ್ನರ್ಧದ ಕೆಳಗೆ ಏನೂ ಇರಲಿಲ್ಲ. ಒಂದು ಹರಳು ಜಾರಿ ಕೆಳಗೆ ಹೋಯಿತು. ಅದು ನೀರಿಗೆ ಬಿದ್ದ ಸದ್ದು ನನಗೆ ಕೇಳಿಸಲೇ ಇಲ್ಲ, ಅಷ್ಟು ಆಳ. ಎಡಬಾಗಿಲ ಆಚೆ ನೆಲವೇ ಇಲ್ಲದ್ದರಿಂದ ಅಪ್ಪ ಇಳಿದಮೇಲೆ ದಾನಮ್ಮ ಅವನ ಸೀಟನ್ನು ದಾಟಿ ಇಳಿಯಬೇಕಾಯಿತು. ಅವಳು ಅಲುಗಿದಾಗೆಲ್ಲ ಕಾರು ಒಂದಿಷ್ಟು ಬಾಗಿ ಮತ್ತೆ ಕೂರುತ್ತಿತ್ತು. ಆ ಆಲೂಗಡ್ಡೆ ಮೂಟೆಗಳೇ ಹಿಂದಕ್ಕೆ ಜಗ್ಗಿ ಹಿಡಿದವೋ, ದೇವರು ಹಿಡಿದನೋ, ನನಗೆ ಗೊತ್ತಿಲ್ಲ. ಅವಳ ಕಾಲು ಹಿಮದ ಮೇಲೆ ಊರಿದ್ದನ್ನು ಕಂಡಮೇಲೇ ನನಗೆ ಜೀವ ಬಂತು.

ನಮ್ಗ್ಯಾಲ್ ತನ್ನ ಗಾಡಿ ತಂದು ಹಗ್ಗ ಕಟ್ಟಿ ನಮ್ಮನ್ನು ಎಳೆದ. ಅದೇ ಇಳಿಜಾರಿನಲ್ಲಿ ಅವನ ಗಾಡಿ ಕಾಲೂರಿ ನಿಂತಿತ್ತು. ಅದರ ಟೈರುಗಳ ಮೈತುಂಬ ಸಣ್ಣ ಸಣ್ಣ ಸೀಳುಗಳು. ಹಿಮವನ್ನು ಕಚ್ಚಿ ಹಿಡಿದಿದ್ದವು. ನನಗೆ ಹೊಟ್ಟೆಕಿಚ್ಚಾಗಲಿಲ್ಲ. ಟೈರೊಂದು ಹಾಗೂ ಇರಬಹುದಲ್ಲ ಎಂದು ಅಳು ಬಂತು.

ಏನಾಯಿತು ಎಂದು ಸೇರಿದವರು ಕೇಳಿದರು. ಸಿದ್ರಾಮಪ್ಪ ನನ್ನ ಕಡೆ ನೋಡಿದ.

“ಟೈರ್ ಕೈ ಕೊಡ್ತು,” ಎಂದ.

ಮೂರನೆಯ ದಿನ ಕಾರಿಗೆ ಚಳಿಗಾಲದ ಟೈರುಗಳು ಬಂದವು. ದಾನಮ್ಮನೇ ತರಿಸಿದಳು, ಅಪ್ಪನನ್ನು ಕೇಳಲಿಲ್ಲ. ಸಿದ್ರಾಮಪ್ಪ ಮೊಣಕಾಲು ನೋವು ಎಂದು ಹೇಳಿ ಕೀಲಿಯನ್ನು ಅವಳ ಕೈಗೆ ಕೊಟ್ಟುಬಿಟ್ಟ. ಆ ಮೊಣಕಾಲು ಬೇಸಿಗೆ ಬಂದರೂ ವಾಸಿಯಾಗಲಿಲ್ಲ. ಬೇಸಿಗೆಯಲ್ಲಿ ನನ್ನ ಜೊತೆಗಾರರು ಮತ್ತೆ ಕಾರು ಸೇರಿದರು. ಪಕ್ಕೆ ಸೀಳಿದ ನಾನು ಸೇರಲಿಲ್ಲ. ನಮ್ಗ್ಯಾಲ್ ನನ್ನನ್ನು ಅಂಗಡಿಯ ಮುಂದೆ ಮಲಗಿಸಿ ಮೇಲೊಂದು ಹಲಗೆ ಹಾಕಿದ. ಹೀಗೆ ನಾನು ಕೂರುವ ಪೀಠವಾದೆ.

ಅದರ ಮೇಲೆ ದಿನಾ ಬಂದು ಕೂರುವವನು ಯಾರೆಂದುಕೊಂಡಿರಿ? ಸಿದ್ರಾಮಪ್ಪನೇ. ಬಿಸಿಲು ಕಾಯಿಸಿಕೊಳ್ಳುತ್ತ, ಹೋಗಿ ಬರುವವರಿಗೆ ಹರಕು ಹಿಂದಿಯಲ್ಲಿ ಅದೇ ಕಥೆ. ಇಡೀ ನೌಕರಿಯಲ್ಲಿ ಒಂದು ಅಪಘಾತ ಇಲ್ಲ, ಅವತ್ತು ಮಾತ್ರ ಟೈರು ಕೈ ಕೊಟ್ಟಿತು. ನನ್ನ ಮೇಲೆಯೇ ಕುಳಿತು ನನ್ನನ್ನೇ ಬೈಯುತ್ತಿದ್ದ. ದಾನಮ್ಮ ಶಾಲೆಯಿಂದ ಬರುವಾಗ ಆ ಮಾತು ಕಿವಿಗೆ ಬಿದ್ದರೂ ನಿಲ್ಲದೆ ಹೋಗುತ್ತಿದ್ದಳು. ಮನೆಯಲ್ಲಿ ತಂದೆ ಮಗಳು ಆ ದಿನದ ಸುದ್ದಿ ಎತ್ತುತ್ತಿರಲಿಲ್ಲವೆಂದು ಕಾಣುತ್ತದೆ. ನನಗೆ ಸಿಟ್ಟು ಬರುತ್ತಿತ್ತು, ಆಮೇಲೆ ಕರುಣೆಯೂ ಬರುತ್ತಿತ್ತು. ಅಷ್ಟು ವರ್ಷದ ಹೆಸರು. ಯಾರ ತಲೆಗಾದರೂ ಕಟ್ಟಬೇಕಿತ್ತು, ನನ್ನ ತಲೆಗೆ ಕಟ್ಟಿದ.

ಮುಂದಿನ ಚಳಿಗಾಲದ ಮೊದಲ ಹಿಮ. ನನ್ನ ಹಳೆಯ ನಡುಕ ಆಗಲೇ ಶುರುವಾಗಿತ್ತು. ಒಂದು ಸಣ್ಣ ಕಾರು ಬಂದು ಅಂಗಡಿ ಮುಂದೆ ನಿಂತಿತು, ಕರ್ನಾಟಕದ ನಂಬರು. ಒಳಗೆ ಒಬ್ಬ ಯುವಕ, ಅವನ ಹೆಂಡತಿ. ಹಿಂದಿನ ಕಿಟಕಿಯಿಂದ ಒಂದು ಪುಟ್ಟ ಹುಡುಗಿ ಕೈ ಚಾಚಿ ಹಿಮ ಹಿಡಿಯುತ್ತಿದ್ದಳು. ಕಾರಿನ ಟೈರುಗಳನ್ನು ನೋಡಿದೆ. ನನ್ನ ಹಾಗೆಯೇ ಬಿಸಿಲ ಮಕ್ಕಳು. ಕಣ್ಣು ಮುಚ್ಚಿಕೊಳ್ಳೋಣವೆಂದರೆ ಟೈರಿಗೆ ಕಣ್ಣಿನ ರೆಪ್ಪೆಯಿಲ್ಲ.

ಕನ್ನಡ ಕೇಳಿದ್ದೇ ಸಿದ್ರಾಮಪ್ಪ ಎದ್ದ. “ಎಲ್ಲಿಗೆ ಹೊಂಟೀರಿ? ಮುಂದ ಇಳಿಜಾರು ಭಾಳ ಖೊಟ್ಟಿ ಅದ. ನಂದೂ ಹಿಂಗs ಹೋದ ವರ್ಷ ಟೈರ್ ಕೈ ಕೊಟ್ಟಿತ್ತು.”

“ಅಯ್ಯೋ ಯಜಮಾನ್ರೇ, ನಮ್ದು ಹೊಸ ಟೈರು,” ಎಂದು ಯುವಕ ನಕ್ಕ. “ಊರು ಬಿಡೋ ಮುಂಚೆ ನಾಲ್ಕೂ ಚೇಂಜ್ ಮಾಡಿಸಿದೀನಿ. ಕೈ ಕೊಡಲ್ಲ ಬಿಡಿ.” ಗೇರು ಹಾಕಿದ.

ದಾನಮ್ಮ ಶಾಲೆಯ ಬ್ಯಾಗು ಹಿಡಿದು ಅಂಗಡಿಯ ಹತ್ತಿರ ಬಂದಿದ್ದಳು. ಸಿದ್ರಾಮಪ್ಪ ಅವಳನ್ನು ನೋಡಿದ. ನಡೆದು ಹೋಗಿ ಕಾರಿನ ಮುಂದೆ ನಿಂತು ಬಾನೆಟ್ಟಿನ ಮೇಲೆ ಎರಡೂ ಕೈ ಊರಿದ.

“ಟೈರ್ ಕೈ ಕೊಡ್ಲಿಲ್ಲ ತಮ್ಮಾ,” ಎಂದ. “ಅದೂ ಹೊಸಾದs ಇತ್ತು. ಕೈ ಕೊಟ್ಟಾಂವ ನಾನು. ನನ್ನ ಮಗಳು ಹೇಳಿದಳು, ಈ ಅಂಗಡಿಯಾಂವ ಹೇಳಿದ, ನಾ ಕೇಳ್ಲಿಲ್ಲ. ಬ್ರೇಕ್ ಒತ್ತಿ ಹಿಡಕೊಂಡು ಕುಂತೆ, ಬಿಡ್ಲಿಕ್ಕೆ ಧೈರ್ಯ ಬರ್ಲಿಲ್ಲ. ಇದೇ ಮಗಳನ್ನ ನಾನs ಕೊಂದುಬಿಡ್ತಿದ್ದೆ. ಕಾಲಿಗೆ ಬೀಳ್ತೀನಿ, ಗಾಡಿ ಇಲ್ಲೇ ಬಿಡು.”

ಯುವಕನ ನಗು ನಿಂತಿತು. ಅವನ ಹೆಂಡತಿ ಹಿಂದಕ್ಕೆ ತಿರುಗಿ ಮಗುವಿನ ಕೈಯನ್ನು ಒಳಗೆ ಎಳೆದುಕೊಂಡಳು. “ಇಳೀರಿ,” ಎಂದಳು ಗಂಡನಿಗೆ. ಅವನು ಎಂಜಿನು ಆರಿಸಿದ. ನಮ್ಗ್ಯಾಲ್ ತನ್ನ ಟ್ಯಾಕ್ಸಿ ತೆಗೆಯಲು ಹೋದ.

ಸಿದ್ರಾಮಪ್ಪ ಬಂದು ನನ್ನ ಮೇಲೆ ಕುಸಿದು ಕುಳಿತ. ದಾನಮ್ಮ ಬ್ಯಾಗನ್ನು ಕೆಳಗಿಟ್ಟಳು.

“ಅಪ್ಪಾ, ಸ್ವಲ್ಪ ಆ ಕಡೆ ಸರಿ,” ಎಂದಳು. ಪಕ್ಕದಲ್ಲೇ ಕುಳಿತು ಅವನ ಕೈಯನ್ನು ತನ್ನ ಕೈಯಲ್ಲಿ ಇಟ್ಟುಕೊಂಡಳು.

ಆ ಇಳಿಜಾರಿನ ನಂತರ ತಂದೆ ಮಗಳ ಭಾರ ಒಟ್ಟಿಗೆ ನನ್ನ ಮೇಲೆ ಬಿದ್ದದ್ದು ಅದೇ ಮೊದಲು. ಹಿಮ ಬೀಳುತ್ತಲೇ ಇತ್ತು. ನಾನು ಹೆದರಿಕೊಂಡೇ ಇದ್ದೆ, ಆದರೆ ಈ ಸಲ ಜಾರಲಿಲ್ಲ.