ಟ್ಯಾಂಕಿನ ಆರದ ದೀಪ

ಇದು ಮಾವನಿಗೆ ಅಳಿಯ ಮಾಡಿದ ಕೀಟಲೆಯ ಕಥೆ, ಒಂದಕ್ಷರವೂ ಕಟ್ಟಿದ್ದಲ್ಲ.

ನಿವೃತ್ತರಾದ ಮೇಲೆ ಮಾವ ಕೊಂಡದ್ದು ಚಕ್ರದ ಮೇಲಿನ ಮನೆ. ಮಂಚ, ಒಲೆ, ಕಕ್ಕಸು ಎಲ್ಲ ಗಾಡಿಯೊಳಗೇ. ಕಕ್ಕಸಿನ ಕೊಳೆ ಕೆಳಗಿನ ಟ್ಯಾಂಕಿಗೆ ಇಳಿಯುತ್ತಿತ್ತು. ಟ್ಯಾಂಕಿನ ಗೋಡೆಯಲ್ಲಿ ಒಂದರ ಮೇಲೊಂದು ಸಾಲಾಗಿ ಕೂತ ಸೆನ್ಸರ್ ಮೊಳೆಗಳನ್ನು ಏರುವ ನೀರು ಮುಟ್ಟಿದಂತೆ ಒಳಗಿನ ಫಲಕದಲ್ಲಿ ಒಂದೊಂದೇ ದೀಪ ಹತ್ತುತ್ತಿತ್ತು. ನಾಲ್ಕೂ ಹತ್ತಿದರೆ ತುಂಬಿತೆಂದು ಅರ್ಥ. ಮಾವ ಹೆಂಡತಿಯ ಮಾತನ್ನಾದರೂ ಅನುಮಾನಿಸಿಯಾರು, ಆ ದೀಪಗಳನ್ನಲ್ಲ.

ಅಳಿಯನಿಗೆ ಅಷ್ಟೇ ಸಾಕಾಯಿತು. ಹೆಂಡತಿಯೊಂದಿಗೆ ಅತ್ತೆ-ಮಾವನ ಜೊತೆ ಪ್ರವಾಸ ಹೊರಟ ದಿನವೇ ಫಲಕದ ಹಿಂದೆ ತುಂಡು ತಂತಿ ಸಿಕ್ಕಿಸಿ ನಾಲ್ಕೂ ದೀಪ ಸದಾ ಉರಿಯುವಂತೆ ಮಾಡಿದ. ಗಾಡಿ ನಿಂತಲ್ಲೆಲ್ಲ ಮಾವ ಕೊಳೆಗುಂಡಿ ಹುಡುಕಿ, ಕೊಳವೆ ಎಳೆದು, ಟ್ಯಾಂಕು ಬರಿದು ಮಾಡಿ ಬಂದರೆ ದೀಪ ಹಾಗೇ. ಬೆನ್ನು ಹಿಡಿದುಕೊಂಡು ಅವರು ಗೊಣಗುವುದನ್ನು ಅಳಿಯ ಅವರದೇ ದನಿಯಲ್ಲಿ ಆಡಿ ತೋರಿಸಿದ. ಅವನ ಹೆಂಡತಿ ನಕ್ಕು ಸುಸ್ತಾದಳು.

ಒಂದು ಮಧ್ಯಾಹ್ನ ಅತ್ತೆ ಮೆಟ್ಟಿಲಿಳಿಯುವಾಗ ತಲೆ ಸುತ್ತಿ ಕೂತುಬಿಟ್ಟರು. ಅಳಿಯ ನೀರು ತಂದರೆ ಲೋಟ ಸರಿಸಿದರು.

"ಬೇಡಪ್ಪಾ. ಕುಡಿದ್ರೆ ಮತ್ತೆ ಒಳಗೆ ಹೋಗ್ಬೇಕು. ಟ್ಯಾಂಕು ತುಂಬುತ್ತೆ. ನಿಮ್ಮ ಮಾವನ ಬೆನ್ನು ನೋಡಕ್ಕಾಗಲ್ಲ."

ಪ್ರವಾಸದುದ್ದಕ್ಕೂ ಅವರು ನೀರನ್ನು ಗುಟುಕುಗುಟುಕಾಗಿ ಕುಡಿದಿದ್ದರು. ಅಳಿಯನಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಕಾಡಿಬೇಡಿ ಅವರಿಗೆ ನೀರು ಕುಡಿಸಿ, ಒಳಗೆ ಹೋಗಿ ತಂತಿ ಕಿತ್ತ. ಮೂರು ದೀಪ ಆರಿದವು, ಒಂದು ಆರಲಿಲ್ಲ. ಸಾಕಷ್ಟು ನೀರು ಸೇರುವ ಮೊದಲೇ ಬರಿದು ಮಾಡಿ ಮಾಡಿ, ಕಾಗದ, ಕೊಳೆ ಕೊಚ್ಚಿಹೋಗದೆ ಒಂದು ಮೊಳೆಗೆ ಮೆತ್ತಿಕೊಂಡಿತ್ತು. ಸುಳ್ಳು ಹೇಳಿಸಿದ ಸೆನ್ಸರ್ ಈಗ ನಿಜವಾಗಿಯೇ ಕೆಟ್ಟಿತ್ತು.

ಹೊರಗೆ ಮಾವ ಕೈಗವಸು ಹಾಕಿಕೊಳ್ಳುತ್ತಾ, ತಾನೇ ಸರಿಯಾಗಿ ತೊಳೆದಿಲ್ಲವೇನೋ ಎಂದು ಹೆಂಡತಿಯ ಕ್ಷಮೆ ಕೇಳುತ್ತಿದ್ದರು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಳಿಯ ಅಂಗೈಯಲ್ಲಿ ತಂತಿ ಹಿಡಿದು ಅವರೆದುರು ನಿಂತ.

"ತಪ್ಪು ನಿಮ್ಮದಲ್ಲ ಮಾವ. ಇದನ್ನ ಸಿಕ್ಕಿಸಿದ್ದು ನಾನು."

ಮಾವ ತಂತಿ ನೋಡಿದರು, ಹೆಂಡತಿಯನ್ನು ನೋಡಿದರು. ಕೈಗವಸು ಕಳಚಿ ಅವನ ಕೈಗಿಟ್ಟರು. ಬೈದಿದ್ದರೆ ಹಗುರಾಗುತ್ತಿತ್ತು.

ಅಳಿಯ ಗಾಡಿಯಡಿ ತೆವಳಿ ಟ್ಯಾಂಕಿಗೆ ನೀರು ಬಿಟ್ಟು ತೊಳೆಯತೊಡಗಿದ. ತಲೆ ಎತ್ತಲಾಗದ ಗಡಿಬಿಡಿಯಲ್ಲಿ ಟ್ಯಾಂಕಿನ ಬಾಯಿಯ ತಿರುಪು ಮುಚ್ಚುವುದನ್ನೇ ಮರೆತು ಕೊಳವೆ ಕಳಚಿದ. ಒಂದೇ ಏಟಿಗೆ ಎದೆಯವರೆಗೂ ಕೊಳೆನೀರಿನ ಅಭಿಷೇಕ.

ಅತ್ತೆ ಸೆರಗು ಬಾಯಿಗೊತ್ತಿಕೊಂಡರು. ಮಾವ ಬಗ್ಗಿ ಇಣುಕಿದರು.

"ಬಾಯಿ ಮುಚ್ಕೊಳ್ಳಿ ಅಳಿಯಂದ್ರೇ. ಇನ್ನೂ ಇದೆ."

ಹೇಳಿದವರೇ ಚಕ್ರಕ್ಕೆ ಒರಗಿ, ನೋಯುವ ಬೆನ್ನು ಹಿಡಿದುಕೊಂಡು, ಎಲ್ಲರಿಗಿಂತ ಜೋರಾಗಿ ನಕ್ಕರು. ಅಳಿಯನಿಗೆ ಮಾತ್ರ ನಗು ಬರಲಿಲ್ಲ.