ಬಾಗಿಲಿಲ್ಲದ ಗೋಪುರ

ಗುಬ್ಬಿ ಪೇಟೆಯಲ್ಲಿ ಯಾರ ಮನೆಯ ನಲ್ಲಿ ಸೋರಿದರೂ, ಯಾರ ಮೋಟಾರು ನೀರೆತ್ತದಿದ್ದರೂ ಗಂಗಣ್ಣನಿಗೆ ಹೇಳಿಕಳಿಸುತ್ತಿದ್ದರು. ನಲವತ್ತು ವರ್ಷ ಅವನು ಮಾಡಿದ್ದು ಅದೇ ಕೆಲಸ. ಹೋದ ಮಳೆಗಾಲದಲ್ಲಿ ಒಂದು ಮದುವೆ ಛತ್ರದ ಟ್ಯಾಂಕಿಗೆ ಪೈಪು ಕೂಡಿಸುವಾಗ ಏಣಿಯಿಂದ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಮೂಳೆ ಕೂಡಿತು, ಕೋಲು ಹಿಡಿದು ನಡೆಯುವ ಹಾಗೂ ಆದ. ಆದರೆ ಮಾತು ನಿಂತುಹೋಯಿತು. ಬೆಳಗ್ಗೆ ಎದ್ದು ಜಗಲಿಯ ಮೇಲೆ ಕೂತರೆ ಊಟಕ್ಕೆ ಕರೆದಾಗ ಒಳಗೆ ಬರುವುದು. ಏನು ಕೇಳಿದರೂ ‘ಹೂಂ’ ಅಥವಾ ‘ಊಹೂಂ’. ಅರವತ್ತನಾಲ್ಕಕ್ಕೇ ಗಂಡ ಹೀಗಾದನಲ್ಲ ಎಂದು ಹೆಂಡತಿ ಶಿವರುದ್ರಮ್ಮ ಒಳಗೊಳಗೇ ಬೇಯುತ್ತಿದ್ದಳು.

ತುಮಕೂರಿನಲ್ಲಿ ಟೀಚರಾಗಿದ್ದ ಮಗಳು ಸುಮನಾ ಒಂದು ಭಾನುವಾರ ಬಂದವಳೇ ಅಪ್ಪ ಅಮ್ಮನಿಗೆಂದು ತೆಗೆಸಿದ ಎರಡು ರೈಲು ಟಿಕೆಟ್ ತೋರಿಸಿದಳು. ವಿಜಯಪುರಕ್ಕೆ ರಾತ್ರಿ ರೈಲು, ಬೆಳಗ್ಗೆ ಇಳಿದು ಊರು ನೋಡಿ ಸಂಜೆಯ ರೈಲಿಗೆ ವಾಪಸ್ಸು.

“ಗುಮ್ಮಟ ನೋಡಿ ನಾನೇನ್ ಮಾಡ್ಲವ್ವ?” ಎಂದ ಗಂಗಣ್ಣ. ಆ ವಾರದಲ್ಲಿ ಅವನಾಡಿದ ಅತಿ ಉದ್ದದ ಮಾತು ಅದೇ.

“ನೀವ್ ಬರದಿದ್ರೆ ಬುಡಿ. ನಾನೊಬ್ಳೇ ಹೋಯ್ತೀನಿ,” ಎಂದಳು ಶಿವರುದ್ರಮ್ಮ. ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ಧರ್ಮಸ್ಥಳ, ಸಿದ್ಧಗಂಗೆ ಬಿಟ್ಟರೆ ಅವಳು ಎಲ್ಲಿಗೂ ಹೋದವಳಲ್ಲ. ಸುಮನಾಳ ಶಾಲೆಯ ಪುಸ್ತಕವೊಂದರಲ್ಲಿ ಇಬ್ರಾಹಿಂ ರೋಜಾದ ಚಿತ್ರ ನೋಡಿದ್ದಳು. ಕಲ್ಲಿನಲ್ಲಿ ರಂಗೋಲಿ ಬಿಟ್ಟ ಹಾಗಿದ್ದ ಕಿಟಕಿಗಳು. ಅದನ್ನು ಕಣ್ಣಾರೆ ನೋಡಲೇಬೇಕು ಎನ್ನಿಸಿತ್ತು. ಅವಳು ಬ್ಯಾಗಿಗೆ ಸೀರೆ ಮಡಚಿಡುವುದನ್ನು ಕಂಡ ಮೇಲೆ ಗಂಗಣ್ಣ ತಾನೂ ಒಂದು ಪಂಚೆ ತಂದು ಕೊಟ್ಟ.

ವಿಜಯಪುರದ ಸ್ಟೇಷನ್ನಿನಲ್ಲಿ ಇಳಿದು, ಮುಖ ತೊಳೆದು, ಹೊರಗೆ ಬಂದಾಗ ಬಿಸಿಲು ಆಗಲೇ ಚುರುಕಾಗಿತ್ತು. ಟಾಂಗಾವೊಂದು ನಿಂತಿತ್ತು. ಹೊಡೆಯುವವನ ಹೆಸರು ಝುಬೇರ್, ಐವತ್ತರ ಆಸುಪಾಸಿನ ನಗುಮುಖದವನು.

“ಕೂಡ್ರಿ ಯಜಮಾನ್ರ. ಗೋಳಗುಮ್ಮಟ, ಬುರುಜಿನ ಮ್ಯಾಲಿನ ತೋಪು, ಇಬ್ರಾಹಿಂ ರೋಜಾ, ಎಲ್ಲಾ ತೋರಿಸಿ ಸಂಜಿಕ ನಿಮ್ಮ ಗಾಡಿಗೆ ಬಿಡ್ತೀನ್ರಿ. ಮೊದಲ ಒಂದಿಷ್ಟು ನಾಷ್ಟಾ ಮಾಡ್ರಿ,” ಎಂದು ಊರೊಳಗಿನ ಖಾನಾವಳಿಯ ಕಡೆಗೆ ಕುದುರೆ ತಿರುಗಿಸಿದ.

ಇಕ್ಕಟ್ಟಾದ ಓಣಿಯೊಂದರಲ್ಲಿ ಹೋಗುವಾಗ ಗಂಗಣ್ಣ ಇದ್ದಕ್ಕಿದ್ದಂತೆ ಕೋಲಿನಿಂದ ಟಾಂಗಾದ ಹಲಗೆ ತಟ್ಟಿದ.

“ನಿಲ್ಸಪ್ಪ. ಏನದು?”

ಮನೆಗಳ ನಡುವೆ ಚೌಕಾಕಾರದ ಕಲ್ಲಿನ ಗೋಪುರವೊಂದು ನಿಂತಿತ್ತು. ಮೂರು ಮಹಡಿ ಮನೆಯಷ್ಟು ಎತ್ತರ. ಅದರ ಬುಡಕ್ಕೆ ಯಾರೋ ಸೈಕಲ್ ಒರಗಿಸಿದ್ದರು. ಪಕ್ಕದ ಮನೆಯವರು ಅದರಿಂದ ತಮ್ಮ ಕಿಟಕಿಗೆ ಹಗ್ಗ ಕಟ್ಟಿ ಬಟ್ಟೆ ಒಣಗಿಸಿದ್ದರು.

“ಹಳೇದ್ರಿ ಅದು. ಬಾದಶಹರ ಕಾಲದ್ದು,” ಎಂದ ಝುಬೇರ್.

“ಹಳೇದು ಅಂತ ಕಾಣ್ತದೆ. ಏನಕ್ಕೆ ಕಟ್ಟಿದ್ರು?”

“ಅದು ಗೊತ್ತಿಲ್ರಿ. ನಮ್ಮಜ್ಜ ಗಂಜ್ ಅಂತಿದ್ದ. ಪಹರೆ ಕಾಯಾಕ ಇರಬೇಕ್ರಿ.”

“ಬಾಗ್ಲೇ ಇಲ್ವಲ್ಲಪ್ಪ. ಮೆಟ್ಲೂ ಇಲ್ಲ. ಕಾಯೋನು ಹೆಂಗ್ ಹತ್ತಾನು?”

ದಿನಾ ಅದರ ಮುಂದೆಯೇ ಓಡಾಡುವ ಝುಬೇರ್ ಮೊದಲ ಸಲ ಕತ್ತೆತ್ತಿ ಅದನ್ನು ಸರಿಯಾಗಿ ನೋಡಿದ. ಶಿವರುದ್ರಮ್ಮ ನೋಡುತ್ತಿದ್ದುದು ಗೋಪುರವನ್ನಲ್ಲ, ಗಂಡನ ಮುಖವನ್ನು. ಎಂಟು ತಿಂಗಳಲ್ಲಿ ಅವನು ಯಾರನ್ನೂ ಏನನ್ನೂ ಕೇಳಿರಲಿಲ್ಲ. ಈಗ ಒಂದರ ಹಿಂದೊಂದು ಮೂರು ಪ್ರಶ್ನೆ ಕೇಳಿದ್ದ.

ಗೋಳಗುಮ್ಮಟದ ಒಳಗೆ ಹೋದಾಗ ಅವಳು ಬೆರಗಾಗಿ ಬಾಯಿ ತೆರೆದು ನಿಂತಳು. ಗಂಗಣ್ಣನೂ ತಲೆಯೆತ್ತಿ ನೋಡಿದ, ಚೆನ್ನಾಗಿದೆ ಎಂದ, ಆದರೆ ಮನಸ್ಸು ಅಲ್ಲಿರಲಿಲ್ಲ. ಮೇಲಕ್ಕೆ ಹೋಗಲು ಮೂಲೆಯ ಮಿನಾರಿನೊಳಗೆ ಕಡಿದಾದ ಮೆಟ್ಟಿಲುಗಳಿದ್ದವು. ಅವನ ಸೊಂಟಕ್ಕೆ ಅದು ಆಗದ ಮಾತು.

“ನೀನ್ ಹತ್ತು. ನಾನಿಲ್ಲೇ ಕೂತಿರ್ತೀನಿ.”

“ಒಬ್ರೇ ಇರ್ತೀರಾ?”

“ನಾನೇನ್ ಕೂಸಾ? ಹೋಗೇ.”

ಶಿವರುದ್ರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತತೊಡಗಿದಳು. ಮುಂದೆ ಕಾಲೇಜು ಹುಡುಗಿಯರ ಗುಂಪೊಂದು ಕಿರುಚಾಡಿಕೊಂಡು ಹತ್ತುತ್ತಿತ್ತು. ಪ್ರತಿ ಅಂತಸ್ತಿನ ಕಿಂಡಿಯ ಹತ್ತಿರ ನಿಂತು ಉಸಿರು ತೆಗೆದುಕೊಂಡು, ಕೊನೆಗೆ ಗುಮ್ಮಟದ ಸುತ್ತಲಿನ ಬಯಲು ಮಾಳಿಗೆಗೆ ಬಂದಾಗ ಗಾಳಿ ಮುಖಕ್ಕೆ ಬಡಿಯಿತು. ಹುಡುಗಿಯರೆಲ್ಲ ಪಿಸುಮಾತು ಕೇಳಿಸುತ್ತದೆಂದು ಒಳಗಿನ ಗ್ಯಾಲರಿಗೆ ನುಗ್ಗಿದರು. ಅವಳಿಗೂ ಆಸೆಯಿತ್ತು. ಆದರೂ ಮೊದಲು ಕಟ್ಟೆಯ ಹತ್ತಿರ ಬಂದು ಊರಿನ ಕಡೆ ನೋಡಿದಳು. ತಗ್ಗು ಮನೆಗಳು, ಮರಗಳು, ಅಲ್ಲಲ್ಲಿ ಸಣ್ಣ ಗುಮ್ಮಟಗಳು. ಅದರ ನಡುವೆ, ಬೆಳಗ್ಗೆ ನೋಡಿದಂಥದೇ ಒಂದು ಚೌಕ ಗೋಪುರ. ಅವಳು ಕಣ್ಣಿಗೆ ಕೈ ಅಡ್ಡ ಹಿಡಿದಳು. ಅದರಾಚೆ ಇನ್ನೊಂದು. ಕೂಡಲೇ ಫೋನ್ ತೆಗೆದಳು.

“ರೀ, ನಿಮ್ದು ಗೋಪುರ ಒಂದೇ ಅಲ್ಲ ಕಣ್ರೀ. ಇಲ್ಲಿಂದ ನೋಡುದ್ರೆ ಎರಡು ಕಾಣ್ತವೆ. ತಾಳಿ, ಅಕೊಳ್ಳಿ, ಮೂರು.”

ಕೆಳಗೆ ಮರದ ನೆರಳಿನಲ್ಲಿ ಕೂತಿದ್ದ ಗಂಗಣ್ಣ ಎದ್ದು ನಿಂತುಬಿಟ್ಟ. “ಯಾವ್ ದಿಕ್ಗೆ?”

“ಸೂರ್ಯ ನನ್ನ ಎಡಕ್ಕದನೆ. ಎದುರ್ಗಡೆ... ದಕ್ಷಿಣ ಅಂತ್ಲೇ ಇಟ್ಕಳಿ.”

“ಚೆಲ್ಲಾಪಿಲ್ಲಿ ಅವೇನೇ, ಸಾಲಾಗವಾ?”

“ಸಾಲೇ ಅನ್ಬೇಕು. ಯಾರೋ ಸಸಿ ನೆಟ್ಟಂಗೆ.”

“ದೂರುದ್ದು ಎತ್ರವೋ, ಹತ್ರುದ್ದು ಎತ್ರವೋ?”

“ಇಷ್ಟ್ ದೂರದಿಂದ ಅದ್ಹೆಂಗ್ ಹೇಳ್ಲಿ? ಒಂದರ ನೆತ್ತಿ ಮಾತ್ರ ಕಾಣ್ತದೆ. ಮುಚ್ಚಿಲ್ಲ ಕಣ್ರೀ ಅದು. ತೊಟ್ಟಿ ತರ ಹಳ್ಳ ಅದೆ.”

ಗಂಗಣ್ಣನ ದನಿ ಬಂತು, ತೀರಾ ಮೆಲ್ಲಗೆ. “ನೀರು ಕಣೇ ಅದು. ನೀರಿಗೆ ಕಟ್ಟಿರೋದು. ಬೇಗ ಇಳಿದ್ ಬಾ.”

ಅವಳು ಪಿಸುಮಾತಿನ ಗ್ಯಾಲರಿಗೆ ಹೋಗಿ, ಗೋಡೆಗೆ ಬಾಯಿಟ್ಟು ‘ಶಿವಾ’ ಎಂದು, ಅದು ಗುಮ್ಮಟವೆಲ್ಲ ಸುತ್ತಿ ಮತ್ತೆ ಮತ್ತೆ ಕೇಳಿಸಿದ್ದಕ್ಕೆ ಒಬ್ಬಳೇ ನಕ್ಕು, ಆಮೇಲೆಯೇ ಇಳಿದಳು. ಬಂದದ್ದು ಅದಕ್ಕೇ ತಾನೆ.

ಝುಬೇರ್ ಅವರನ್ನು ಎರಡನೆಯ ಗೋಪುರಕ್ಕೆ ಕರೆದೊಯ್ದ. ಈಗ ಅವನಿಗೂ ಕುತೂಹಲ ಹುಟ್ಟಿತ್ತು. ಈ ಗೋಪುರದ ಒಂದು ಬದಿಯ ಗಾರೆ ಕಿತ್ತುಹೋಗಿ, ಆಳೆತ್ತರದಲ್ಲಿ ಕಲ್ಲೊಂದು ಬಿದ್ದು ತೂತಾಗಿತ್ತು. ಗಂಗಣ್ಣ ಕೋಲನ್ನು ಹೆಂಡತಿಯ ಕೈಗೆ ಕೊಟ್ಟು, ಗೋಡೆಗೆ ಒರಗಿ, ತೂತಿನೊಳಗೆ ತೋಳು ತೂರಿಸಿದ.

“ಹಾವು ಗೀವು ಇದ್ದಾತ್ರಿ ಯಜಮಾನ್ರ!”

ಗಂಗಣ್ಣನಿಗೆ ಅದು ಕೇಳಿಸಲೇ ಇಲ್ಲ. ಕಣ್ಣು ಮುಚ್ಚಿ, ಒಳಗಿರುವುದನ್ನು ಬೆರಳಿನಿಂದ ತಡವುತ್ತಿದ್ದ. ಪೈಪಿನ ಕಂಠ ತಡವಿ ಅಳತೆ ಹೇಳುವ ಅವನ ಹಳೆಯ ಅಭ್ಯಾಸ ಅದು. ಕೈ ಹೊರಗೆ ತೆಗೆದಾಗ ಮೊಣಕೈವರೆಗೂ ಧೂಳು.

“ಮಣ್ಣಿನ ಕೊಳ್ವೆ. ಸುಟ್ಟ ಮಣ್ಣು. ಒಂದರ ಬಾಯಿಗೆ ಒಂದು ಕೂರ್ಸವ್ರೆ. ನೆಟ್ಟಗೆ ಮೇಲಕ್ಕೆ ಹೋಗ್ತದೆ.” ಅವನು ಧೂಳಾದ ಬೆರಳುಗಳನ್ನು ಉಜ್ಜಿ ನೋಡಿದ. “ಸಂದ್ಗೆ ಗಾರೆ ಮೆತ್ತವ್ರೆ. ಈಗ್ಲೂ ಅಲ್ಲಾಡಲ್ಲ ಕಣೇ.”

“ನೀರು ಹರ್ಯೋದು ಕೆಳಕ್ಕಲ್ವಾ? ಮೇಲಕ್ಕೆ ಯಾಕ್ ಹತ್ತಿಸ್ತಾರೆ?” ಎಂದಳು ಶಿವರುದ್ರಮ್ಮ.

ಗಂಗಣ್ಣ ಅವಳ ಕಡೆ ತಿರುಗಿದ. ನಲವತ್ತು ವರ್ಷದ ಕೆಲಸದಲ್ಲಿ ಎಷ್ಟೋ ಜನ ‘ಎಷ್ಟಾಯ್ತು’ ಎಂದು ಕೇಳಿದ್ದರು. ‘ಯಾಕೆ’ ಎಂದು ಯಾರೂ ಕೇಳಿರಲಿಲ್ಲ. ಅವಳೂ ಕೇಳಿರಲಿಲ್ಲ.

“ನೋಡು. ಕೆರೆ ಎಲ್ಲೋ ಎತ್ರದಲ್ಲದೆ, ಊರು ತಗ್ನಲ್ಲದೆ. ಕೊಳ್ವೆ ಒಳ್ಗೇ ನೀರು ಇಳೀತಾ ಇಳೀತಾ ಜೋರು ಜಾಸ್ತಿ ಆಯ್ತದೆ. ಕಬ್ಬಿಣವಾದ್ರೆ ತಡ್ಕಂತದೆ. ಇದು ಮಣ್ಣಿಂದು, ಒಡ್ದೋಯ್ತದೆ. ಅದ್ಕೆ ಅಲ್ಲಲ್ಲಿ ಗೋಪುರ ಕಟ್ಟಿ, ನೀರ್ನ ಮೇಲಕ್ ಹತ್ತಿಸಿ, ತೆರೆದ ತೊಟ್ಟೀಲಿ ನಿಲ್ಸವ್ರೆ. ಅಲ್ಲಿ ಜೋರು ಇಳೀತದೆ. ಕೆಸ್ರೂ ತಳಕ್ಕೆ ಕೂರ್ತದೆ. ಅಲ್ಲಿಂದ ಮತ್ತೆ ಹೊಸದಾಗಿ ಹೊರಡ್ತದೆ ನೀರು.”

“ಮೋಟಾರ್ ಇಲ್ದೇನೇ?”

“ಮೋಟಾರೂ ಇಲ್ಲ, ಕರೆಂಟೂ ಇಲ್ಲ.”

ಝುಬೇರ್ ಗೋಪುರವನ್ನು ಒಂದು ಸುತ್ತು ಹಾಕಿ ಬಂದ. “ಐವತ್ತ ವರ್ಷ ಇದೇ ಊರಾಗ ಅದೀನ್ರಿ. ಒಂದಿನಾನೂ ಕೇಳಲಿಲ್ಲ ನಾ,” ಎಂದು ತನ್ನ ಹಣೆ ತಾನೇ ತಟ್ಟಿಕೊಂಡ. ಆಮೇಲೆ ನೆನಪು ಮಾಡಿಕೊಂಡು ಹೇಳಿದ: “ದಕ್ಷಿಣಕ್ಕ ಬೇಗಂ ತಲಾಬ್ ಅಂತ ಕೆರಿ ಐತ್ರಿ. ಅಲ್ಲಿಂದ ಊರಿಗೆ ನೀರ ಬರತಿತ್ತು ಅಂತ ಹಿರ್ಯಾರು ಹೇಳತಿದ್ರು.”

“ನಡಿ ಅಲ್ಲಿಗೆ,” ಎಂದ ಗಂಗಣ್ಣ.

ಶಿವರುದ್ರಮ್ಮ ಗಡಿಯಾರ ನೋಡಿದಳು. ಎರಡೂವರೆ. “ಮತ್ತೆ ರೋಜಾ?”

ಝುಬೇರ್ ತಲೆ ಕೆರೆದುಕೊಂಡ. ರೋಜಾ ಪಶ್ಚಿಮಕ್ಕೆ, ಕೆರೆ ದಕ್ಷಿಣಕ್ಕೆ. ಕುದುರೆ ಗಾಡಿಯಲ್ಲಿ ಎರಡೂ ಆಗುವುದಿಲ್ಲ, ರೈಲು ತಪ್ಪುತ್ತದೆ ಎಂದ.

“ರೋಜಾ ಎಲ್ಲೂ ಓಡೋಗಲ್ಲ. ಮುಂದಿನ್ ಸಲ ನೋಡಾಣ ಬುಡು,” ಎಂದ ಗಂಗಣ್ಣ.

“ನಿಮ್ ಕೆರೆ ಓಡೋಯ್ತದಾ? ನಾನ್ ಬಂದಿದ್ದೇ ಅದನ್ನ ನೋಡಕ್ಕೆ. ಮುಂದಿನ ಸಲ ಅಂದ್ರೆ ಯಾವಾಗ? ಇನ್ನೂ ಮೂವತ್ತೈದು ವರ್ಷಕ್ಕಾ?”

ಓಣಿಯ ಹೆಂಗಸರು ಬಾಗಿಲಿಗೆ ಬಂದು ನೋಡತೊಡಗಿದರು. ಗಂಗಣ್ಣ ಬಾಯಿ ತೆರೆದವನು ಮುಚ್ಚಿದ. ಒಂದು ಕ್ಷಣ ಅವಳಿಗೆ ಭಯವಾಯಿತು: ಮತ್ತೆ ಮಾತು ನಿಲ್ಲಿಸಿ ಜಗಲಿಯ ಗಂಗಣ್ಣನಾಗಿಬಿಟ್ಟರೆ? ಸೋತುಬಿಡಲೇ ಎನ್ನಿಸಿತು. ಆದರೆ ಕಿಟಕಿಗಳ ಆಸೆ ದೊಡ್ಡದಿತ್ತು. ಅವಳು ಕೋಲನ್ನು ಅವನ ಕೈಗಿಟ್ಟು ಹೇಳಿದಳು:

“ನೀವ್ ಕೆರೆಗೆ ಹೋಗಿ. ನಾನ್ ಆಟೋದಲ್ಲಿ ರೋಜಾಗೆ ಹೋಗಿ ಸೀದಾ ಸ್ಟೇಷನ್‌ಗೆ ಬರ್ತೀನಿ.”

“ಗೊತ್ತಿಲ್ದಿರೋ ಊರಲ್ಲಿ ಒಬ್ಳೇನಾ?”

“ನಾನೇನ್ ಕೂಸಾ?” ಎಂದಳು. ಗಂಗಣ್ಣನಿಗೆ ನಗು ಬಂದುಬಿಟ್ಟಿತು.

ಝುಬೇರನೇ ಗುರುತಿನ ಆಟೋದವನನ್ನು ಕೂಗಿ ಕರೆದ.

ರೋಜಾ ಚಿತ್ರಕ್ಕಿಂತ ಚೆನ್ನಾಗಿತ್ತು. ಶಿವರುದ್ರಮ್ಮ ಚಪ್ಪಲಿ ಬಿಟ್ಟು ತಣ್ಣನೆಯ ಕಲ್ಲಿನ ಮೇಲೆ ನಡೆದಳು. ಗೋಡೆ ತುಂಬ ಅಕ್ಷರ, ಬಳ್ಳಿ, ಹೂವು. ಅವಳಿಗೆ ಬೇಕಾಗಿದ್ದ ಕಿಟಕಿಗಳೂ ಸಿಕ್ಕವು. ಹತ್ತಿರ ಹೋಗಿ ನೋಡಿದರೆ ಜಾಲಂದರದ ತೂತುಗಳೇ ಅಕ್ಷರಗಳಾಗಿದ್ದವು. ಬೆಳಕು ಅವುಗಳ ಮೂಲಕವೇ ಒಳಗೆ ಬರುತ್ತಿತ್ತು. ಓದಲು ಬರದಿದ್ದರೂ ಒಂದು ಸಾಲನ್ನು ಬೆರಳಿನಿಂದ ಬಲದಿಂದ ಎಡಕ್ಕೆ ಹಿಂಬಾಲಿಸಿದಳು. ಯಾರೂ ಅವಸರಪಡಿಸಲಿಲ್ಲ. ಒಬ್ಬಳೇ ಇರುವುದು ಇಷ್ಟು ಹಗುರ ಎಂದು ಅವಳಿಗೆ ಗೊತ್ತಿರಲಿಲ್ಲ. ಹೊರಗೆ ಎರಡು ಕಟ್ಟಡಗಳ ನಡುವೆ ಬತ್ತಿದ ಕೊಳವೊಂದಿತ್ತು, ನಡುವೆ ಕಾರಂಜಿ. ಅದರ ಮುಂದೆ ನಿಂತಾಗ ಮಾತ್ರ ಅವಳಿಗೆ ತಾನೇ ಆಶ್ಚರ್ಯಪಡುವಂಥ ಯೋಚನೆ ಬಂತು: ಇದಕ್ಕೆ ನೀರು ಎಲ್ಲಿಂದ ಬರುತ್ತಿತ್ತು? ಕೆಳಗೆ ಬಗ್ಗಿ, ಕೊಳದ ಅಂಚನ್ನೆಲ್ಲ ನೋಡುತ್ತ ಸುತ್ತು ಬಂದಳು.

ಸ್ಟೇಷನ್ನಿಗೆ ಬಂದಾಗ ರೈಲು ನಿಂತಾಗಿತ್ತು. ಗಂಗಣ್ಣ ಇರಲಿಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್. ಹತ್ತು ನಿಮಿಷ, ಹದಿನೈದು ನಿಮಿಷ. ಕೆರೆ, ಕೆಸರು, ಮುರಿದು ಕೂಡಿದ ಸೊಂಟ. ಕಳಿಸಬಾರದಿತ್ತು ಎಂದುಕೊಳ್ಳುತ್ತ ರೈಲಿನ ಬಾಗಿಲಲ್ಲಿ ನಿಂತು ಆಚೀಚೆ ಇಣುಕತೊಡಗಿದಳು. ಸಿಗ್ನಲ್ ಹಸಿರಾಗುವ ಹೊತ್ತಿಗೆ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಬಿಳಿ ಪಂಚೆ ಕಾಣಿಸಿತು. ಅದು ಮೊಣಕಾಲಿನವರೆಗೆ ಕಪ್ಪಾಗಿತ್ತು. ಒಂದು ಕಡೆ ಕೋಲು, ಇನ್ನೊಂದು ಕಡೆ ಝುಬೇರನ ಹೆಗಲು. ಗಂಗಣ್ಣ ಹೆಚ್ಚುಕಡಿಮೆ ಓಡಿಯೇ ಬರುತ್ತಿದ್ದ. ಝುಬೇರ್ ಅವನನ್ನು ಬಾಗಿಲೊಳಗೆ ತಳ್ಳಿದ, ಶಿವರುದ್ರಮ್ಮ ಒಳಗಿನಿಂದ ಎಳೆದಳು.

“ಯಜಮಾನ್ರು ಕೆರಿಯೊಳಗ ಇಳದಬಿಟ್ರಮ್ಮಾ. ವಾಚಮನ್ ಬೈದು ಮ್ಯಾಲ ಹತ್ತಿಸಿದ!” ಎಂದು ಝುಬೇರ್ ಓಡುತ್ತಲೇ ಕೂಗಿ ಹೇಳಿ ಕೈ ಬೀಸಿದ.

ಸೀಟಿಗೆ ಕೂತು ಅವನ ಉಸಿರು ತಹಬಂದಿಗೆ ಬಂದ ಮೇಲೆ ಶಿವರುದ್ರಮ್ಮ ಕೇಳಿದಳು. “ಸಿಕ್ತಾ?”

“ಏರಿ ಪಕ್ಕ ಒಂದು ಕಲ್ಕಟ್ಟಡದ ಗುಂಡಿ ಅದೆ. ಜೊಂಡು ಬೆಳ್ದದೆ. ಕೊಳ್ವೆ ಹೊರಡೋ ಜಾಗ ಅದೇ ಇರ್ಬೇಕು. ಅಲ್ದೇನೂ ಇರ್ಬೋದು. ಫೋಟೋ ತೆಗ್ದು ತೆಗ್ದು ಬ್ಯಾಟ್ರಿ ಹೋಯ್ತು.” ಅವನು ಪಂಚೆಯ ಕೆಸರು ಕೊಡವಿದ. “ನಿನ್ ರೋಜಾ ಹೆಂಗಿತ್ತು?”

ಅವಳು ಅಕ್ಷರದ ಕಿಟಕಿಗಳ ಕಥೆ ಹೇಳಿದಳು, ಕೊಳದ ಕಥೆಯನ್ನೂ ಹೇಳಿದಳು. ಅಂಚಿನಲ್ಲಿ ಒಂದು ಕಡೆ ಮುಷ್ಟಿಗಾತ್ರದ ತೂತಿತ್ತು ಎಂದಾಗ ಗಂಗಣ್ಣ ಮುಂದಕ್ಕೆ ಬಾಗಿದ.

“ಯಾವ್ ಕಡೆ ಇತ್ತು?”

“ಅದೊಂದ್ ನೋಡ್ಕಳದು ಮರ್ತೆ ಕಣ್ರೀ.”

“ಛೆ!” ಎಂದ ಗಂಗಣ್ಣ, ನಿಜವಾಗಿಯೂ ಬೇಜಾರಾಗಿ. ಎದುರು ಸೀಟಿನ ಮುದುಕಿ, ಇವರೇನೋ ಒಡವೆ ಕಳೆದುಕೊಂಡಿದ್ದಾರೆ ಎಂದುಕೊಂಡು ಸಮಾಧಾನ ಹೇಳತೊಡಗಿದಳು.

ಊರಿಗೆ ಬಂದು ಎರಡು ವಾರವಾಗಿರಬೇಕು. ಒಂದು ಬೆಳಗ್ಗೆ ಶಿವರುದ್ರಮ್ಮ ಕಾಫಿ ಹಿಡಿದು ಬಂದರೆ ಜಗಲಿ ಖಾಲಿ. ಹತ್ತು ಗಂಟೆಗೆ ಫೋನ್ ಬಂತು, ಹಿಂದೆ ಬಸ್ಸಿನ ಹಾರನ್ನು.

“ಕುಣಿಗಲ್‌ನಲ್ಲಿದೀನಿ ಕಣೇ. ದೊಡ್ಕೆರೆ ಏರಿ ಮೇಲೆ. ಇಲ್ಲಿ ಹಳೇ ತೂಬೊಂದದೆ. ಸಾವ್ರ ಸಲ ಬಸ್ಸಲ್ಲಿ ಹೋಗಿದೀನಿ ಇದರ ಮುಂದೆ, ಒಂದ್ಸಲಾನೂ ಇಳ್ದಿಲ್ಲ.”

“ಹೇಳ್ಬುಟ್ಟು ಹೋಗ್ಬಾರ್ದಾ? ತಿಂಡಿ ತಿಂದ್ರಾ?”

“ತಿಂದೆ ತಿಂದೆ. ಗದ್ದೆಗೆ ನೀರ್ ಬಿಡೋ ನೀರುಗಂಟಿ ಬರ್ತಾನಂತೆ, ಕಾಯ್ತಾ ಇದೀನಿ. ಮಧ್ಯಾಹ್ನದ ಬಸ್ಸಿಗೆ ನೀನೂ ಬಂದ್ಬುಡು.”

“ನಾನ್ಯಾಕೆ?”

“ಕೆಳಗ್ ಇಳಿಯಕ್ಕೆ ಮೆಟ್ಲವೆ. ಕಡಿದಾಗವೆ. ನೀನ್ ಇಳ್ದು ನೋಡಿ ಹೇಳ್ಬೇಕು.”

ಶಿವರುದ್ರಮ್ಮ ಒಲೆ ಆರಿಸಿದಳು. ಮೊಸರನ್ನ ಕಲಸಿ ಡಬ್ಬಿಗೆ ಹಾಕಿ, ಪಕ್ಕದ ಮನೆಯ ತಿಪ್ಪಮ್ಮನ ಕೈಗೆ ಬೀಗದ ಕೈ ಕೊಟ್ಟು, ಬಸ್ ಸ್ಟ್ಯಾಂಡಿನ ಕಡೆ ಬಿರಬಿರನೆ ನಡೆದಳು.