ನನ್ನ ಕಾಯಿಲೆ, ಅವನ ಸೀಟು

ಮೆಡಿಕಲ್ ಪ್ರವೇಶ ಪರೀಕ್ಷೆಯಲ್ಲಿ ತಮ್ಮನಿಗೆ ಎರಡನೇ ಸಲವೂ ಅಂಕಗಳು ಕೈಕೊಟ್ಟವು. ಕೈಕೊಟ್ಟವು ಅನ್ನುವುದು ಅಪ್ಪನ ಮಾತು. ಪುಸ್ತಕ ಬಿಡಿಸದೆ ಅವನೇ ಅಂಕಗಳಿಗೆ ಕೈಕೊಟ್ಟ ಅನ್ನುವವಳು ನಾನು. ಅಷ್ಟು ಕಡಿಮೆ ಅಂಕಕ್ಕೂ ಬಾಗಿಲು ತೆರೆದಿದ್ದ ಕಾಲೇಜು ಒಂದೇ ಒಂದು. ಅಲ್ಲಿ ಅಂಕದ ಜೊತೆ ಸಂದರ್ಶನವನ್ನೂ ಲೆಕ್ಕಕ್ಕೆ ಹಿಡಿಯುತ್ತಾರಂತೆ. ಸರಿ, ಅಪ್ಪ ತಾವು ನಡೆಸುವ ಹಾರ್ಡ್‌ವೇರ್ ಅಂಗಡಿಗೆ ಬರುವ ಗಿರಾಕಿಯೊಬ್ಬರ ಮಾತು ಕೇಳಿ, ಸಂದರ್ಶನಕ್ಕೆ ತಯಾರು ಮಾಡುವ ಮೇಷ್ಟ್ರೊಬ್ಬರನ್ನು ಮನೆಗೇ ಕರೆಸಿದರು.

ಮೇಷ್ಟ್ರು ಸೋಫಾದ ತುದಿಯಲ್ಲಿ ಕೂತು ಅಂಕಗಳನ್ನು ನೋಡಿ ಮುಖ ಕಿವುಚಿದರು.

“ಇಷ್ಟು ಅಂಕಕ್ಕೆ ಬರೀ ಬುದ್ಧಿವಂತಿಕೆ ಮಾತು ಸಾಲಲ್ಲ ಸ್ವಾಮಿ. ಎದುರಿಗೆ ಕೂತವರ ಕರುಳು ಚುರ್ ಅನ್ನಬೇಕು. ಮನೇಲಿ ಯಾರಿಗಾದ್ರೂ ಕಾಯಿಲೆ ಗೀಯಿಲೆ ಇದೆಯಾ?”

ಅಪ್ಪ, ಅಮ್ಮ, ತಮ್ಮ, ಮೂವರೂ ನನ್ನ ಕಡೆ ತಿರುಗಿದರು.

ನನ್ನ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿ ಮೂರು ವರ್ಷವಾಗಿತ್ತು. ವಾರಕ್ಕೆ ಮೂರು ಬೆಳಿಗ್ಗೆ ಅಮ್ಮನ ಜೊತೆ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಯಂತ್ರದ ಪಕ್ಕ ಮಲಗುತ್ತೇನೆ. ಮಿಕ್ಕ ದಿನ ಕನ್ನಡಕದ ಅಂಗಡಿಯಲ್ಲಿ ಕೆಲಸ. ನನ್ನ ಕಾಯಿಲೆಯ ಮಾತು ಬಂದರೆ ಟಿವಿ ಸದ್ದು ಜಾಸ್ತಿ ಮಾಡುವ ಮನೆ ಇದು. ಆವತ್ತು ನೋಡಬೇಕಿತ್ತು, ಹಿತ್ತಲಲ್ಲಿ ನಿಧಿ ಸಿಕ್ಕವರ ಹಾಗೆ ಎಲ್ಲರ ಮುಖದಲ್ಲೂ ಗೆಲುವು!

ಮರುದಿನ ಸಂಜೆಯೇ ತಾಲೀಮು ಶುರುವಾಯಿತು. ಊಟದ ಮೇಜಿನ ಆಚೆ ಅಪ್ಪ ಮತ್ತು ಮೇಷ್ಟ್ರು, ಈಚೆ ತಮ್ಮ. ನಾನು ಅಂಗಡಿಯಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ.

“ಡಯಾಲಿಸಿಸ್ ನಡೆಯೋವಾಗ ರಾತ್ರಿಯಿಡೀ ನಮ್ಮಕ್ಕನ ಪಕ್ಕ ಕೂತು, ಅವಳ ಎಡಗೈ ಹಿಡ್ಕೊಂಡು ಸವರ್ತಾ ಇರ್ತಿದ್ದೆ ಸರ್. ಆಗಲೇ ನಾನು ಡಾಕ್ಟರ್ ಆಗ್ಬೇಕು ಅಂತ...” ಎಂದು ಅವನು ಗಂಟಲು ಕಟ್ಟಿದವನಂತೆ ನಿಲ್ಲಿಸಿದ. ಎಲ್ಲಿ ನಿಲ್ಲಿಸಬೇಕು ಎಂಬುದನ್ನೂ ಹೇಳಿಕೊಟ್ಟಿದ್ದರು.

ನನಗೆ ಮೈಯೆಲ್ಲ ಉರಿದುಹೋಯಿತು.

“ರಾತ್ರಿಯಿಡೀ ಯಾವ ಡಯಾಲಿಸಿಸ್ಸೋ? ಬೆಳಿಗ್ಗೆ ಹೋಗಿ ಮಧ್ಯಾಹ್ನ ಬರೋಳು ನಾನು! ಎಡಗೈಯಲ್ಲಿ ಎರಡು ದಪ್ಪ ಸೂಜಿ ಚುಚ್ಚಿರ್ತಾರೆ. ಅದನ್ನ ಹಿಡಿದು ಸವರೋಕೆ ಹೋದ್ರೆ ನರ್ಸಮ್ಮ ನಿನ್ನ ಕತ್ತು ಹಿಡಿದು ಆಚೆ ದಬ್ತಾರೆ.”

“ಎಡಗೈ ಬೇಡ ಅಂದ್ರೆ ಬಲಗೈ ಅಂತೀನಿ ಬಿಡಕ್ಕಾ,” ಎಂದ ಅವನು.

“ಮೂರು ವರ್ಷದಲ್ಲಿ ಒಂದು ದಿನ ಬಂದಿದೀಯಾ ನೀನು? ಅಮ್ಮನಿಗೆ ಜ್ವರ ಬಂದಾಗ ನನ್ನೊಬ್ಬಳನ್ನೇ ಬಸ್ ಹತ್ತಿಸಿ ‘ಹುಷಾರು’ ಅಂದೆಯಲ್ಲ, ಅಷ್ಟೇ ನೀನು ಮಾಡಿದ ಸೇವೆ. ಆಸ್ಪತ್ರೆ ವಾಸನೆ ಆಗಲ್ಲ ಅಂತ ಮೂಗು ಮುಚ್ಕೊಳ್ಳೋ ಮಹಾನುಭಾವ, ಡಾಕ್ಟರ್ ಆಗ್ತಾನಂತೆ!”

ತಮ್ಮ ತಲೆ ತಗ್ಗಿಸಿದ. “ಮೆಲ್ಲಗೆ ಮಾತಾಡೇ,” ಎಂದರು ಅಪ್ಪ. ಮೇಷ್ಟ್ರು ಮಾತ್ರ ಮೇಜು ಕುಟ್ಟಿ ಎದ್ದೇ ನಿಂತರು.

“ಅಬ್ಬಬ್ಬಾ! ಮಾತು ಅಂದ್ರೆ ಇದಪ್ಪಾ! ‘ನಾನು ಕಲ್ಲಾಗಿದ್ದೆ ಸರ್, ನಮ್ಮಕ್ಕ ಬೈದು ಕಣ್ಣು ತೆರೆಸಿದಳು.’ ತಪ್ಪು ಒಪ್ಕೊಂಡವನನ್ನ ಯಾರಯ್ಯಾ ಬೇಡ ಅಂತಾರೆ? ಏನಮ್ಮಾ, ಇನ್ನೊಂದ್ಸಲ ಬೈತೀಯಾ? ಇವನು ಬರ್ಕೊಳ್ಳಲಿ.”

ಬೈಗುಳವನ್ನೂ ಬಿಡಲಿಲ್ಲ, ನೋಡಿ! ಥೂ ಅನ್ನುವುದಕ್ಕೂ ಹೆದರಿಕೆಯಾಯಿತು, ಅದನ್ನೂ ಎಲ್ಲಿ ಸೇರಿಸಿಕೊಂಡುಬಿಡುತ್ತಾರೋ ಎಂದು. ಅಡುಗೆಮನೆಗೆ ಹೋದರೆ ಅಲ್ಲಿ ಅಮ್ಮನ ಸಮಾಧಾನ.

“ಹೋಗ್ಲಿ ಬಿಡೇ. ನಿನ್ನ ಕಾಯಿಲೆಯಿಂದ ಈ ಮನೇಲಿ ಒಬ್ಬರಿಗಾದ್ರೂ ಒಳ್ಳೇದಾಗ್ಲಿ.”

“ಆ ಒಬ್ಬರು ನಾನಾಗಬಾರದಾ ಅಮ್ಮಾ?”

ಅಮ್ಮ ಪಾತ್ರೆ ತಿಕ್ಕುತ್ತಲೇ ಇದ್ದಳು.

ಮುಂದಿನ ವಾರ ಕಾಲೇಜಿನಿಂದ ಫೋನ್ ಬಂತು. ಸಂದರ್ಶನ ಬುಧವಾರ ಬೆಳಿಗ್ಗೆ. ಫೋನ್ ಬಂದ ದಿನವೇ ಸಂಜೆ ಮೇಷ್ಟ್ರು ಹೊಸದೊಂದು ಐಡಿಯಾ ಹೊತ್ತು ತಂದಿದ್ದರು.

“ಅಕ್ಕನೂ ಜೊತೆಗೆ ಬರಲಿ. ಒಳಗೆ ಬರೋದೇನೂ ಬೇಡ, ಹೊರಗೆ ಬೆಂಚಿನ ಮೇಲೆ ಕೂತಿರಲಿ. ‘ಅವಳು ಹೊರಗೇ ಇದಾಳೆ ಸರ್’ ಅಂತ ಒಂದು ಮಾತು ಅಂದ್ರೆ ಸಾಕು, ಸೀಟು ಜೇಬಿಗೆ ಬಂದ ಹಾಗೇ.”

“ಬುಧವಾರ ಬೆಳಿಗ್ಗೆ ನನಗೆ ಡಯಾಲಿಸಿಸ್,” ಎಂದೆ.

“ಒಂದು ಸಲ ತಪ್ಪಿಸಿದ್ರೆ ಏನಾಗುತ್ತಕ್ಕಾ?” ಎಂದ ತಮ್ಮ.

ಅಮ್ಮ ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲಿಟ್ಟಳು.

“ಡಾಕ್ಟರ್ ಆಗೋನು ನೀನು,” ಎಂದೆ. “ನೀನೇ ಹೇಳು. ತಪ್ಪಿಸಿದ್ರೆ ಏನಾಗುತ್ತೆ?”

ತಾಲೀಮಿನ ಪ್ರಶ್ನೆ ಎಂದುಕೊಂಡ, ಪುಣ್ಯಾತ್ಮ. ಬೆನ್ನು ನೆಟ್ಟಗೆ ಮಾಡಿ, ಮೇಷ್ಟ್ರ ಮುಖ ನೋಡುತ್ತಾ ಪಟಪಟನೆ ಒಪ್ಪಿಸಿದ: “ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತೆ. ಮೈಯಲ್ಲಿ ನೀರು ನಿಂತು ಶ್ವಾಸಕೋಶ ತುಂಬಿದ್ರೆ ಉಸಿರಾಟ ಕಷ್ಟ ಆಗುತ್ತೆ. ಹೃದಯದ ಬಡಿತ ಏರುಪೇರಾಗಿ ರೋಗಿ ಸಾಯಲೂಬಹುದು.”

ಒಂದಕ್ಷರ ತಪ್ಪಿರಲಿಲ್ಲ.

“ಶಭಾಷ್!” ಎಂದರು ಅಪ್ಪ.

“ಹೀಗೆ ಹೇಳಿದ್ರೆ ಯಾರು ಕಡಿಮೆ ಅಂಕದವನು ಅಂತಾರೆ?” ಎಂದರು ಮೇಷ್ಟ್ರು.

ತಮ್ಮ ಹಿಗ್ಗಿ ನನ್ನ ಕಡೆ ತಿರುಗಿದ. “ಸರಿ ಅಕ್ಕಾ, ಹಾಗಾದ್ರೆ ಬುಧವಾರ ಬರ್ತೀಯಲ್ವಾ?”

ನನಗಿಂತ ಮೊದಲು ಮಾತಾಡಿದ್ದು ಅಮ್ಮ.

“ರೋಗಿ ಅಂದೆಯಲ್ಲೋ,” ಎಂದಳು. “ಯಾರೋ ಅದು, ರೋಗಿ ಅಂದ್ರೆ?”

ಅವನು ಪಿಳಿಪಿಳಿ ಕಣ್ಣು ಬಿಟ್ಟ. ಆಮೇಲೆ ಅವನ ಮುಖ ಬಿಳಿಚಿಕೊಂಡಿತು. ಈಗ ನಾನು ಮಾತಾಡಿದೆ.

“ನಾನು ಬರಲ್ಲ. ನನ್ನ ವಿಷಯವೂ ಅಲ್ಲಿ ಬರಬಾರದು. ಬಂತು ಅಂತ ಗೊತ್ತಾದ್ರೆ ಕಾಲೇಜಿಗೆ ಫೋನ್ ಮಾಡಿ ಎಲ್ಲಾ ಹೇಳ್ತೀನಿ.”

“ಒಡಹುಟ್ಟಿದವನ ಬದುಕಿಗೆ ಕಲ್ಲು ಹಾಕ್ತೀಯೇನೇ?” ಎಂದು ಅಪ್ಪ ಗುಡುಗಿದರು.

“ಈಗ ಅವನು ನನ್ನ ಬದುಕಿಗೆ ಹಾಕಿದ್ದೇನಪ್ಪಾ, ಹೂವಾ?”

ಅಪ್ಪ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಎದ್ದು ತಾವು ತಂದಿದ್ದ ಚೀಲ ಹುಡುಕತೊಡಗಿದರು.

“ಅಕ್ಕಾ,” ಎಂದ ತಮ್ಮ. ಅವನ ಕಣ್ಣಲ್ಲಿ ನೀರು ತುಂಬಿತ್ತು. “ನಿನ್ನ ವಿಷಯ ಬಿಟ್ಟು ಅಲ್ಲಿ ನಾನೇನು ಹೇಳ್ಲಿ? ಅಂಕನೂ ಇಲ್ಲ. ಡಾಕ್ಟರ್ ಯಾಕಾಗ್ಬೇಕು ಅಂತ ಕೇಳಿದ್ರೆ ಹೇಳೋಕೆ ನನ್ನ ಹತ್ರ ಬೇರೆ ಏನೂ ಇಲ್ವಲ್ಲಕ್ಕಾ!”

ಪಾಪ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

“ಹೋಗಿ ಅಷ್ಟನ್ನೇ ಹೇಳು,” ಎಂದೆ.